ನೋಟಿನ ಬೆನ್ನ ಮೇಲೆ ಕನ್ನಡ

1988ರ ಬೇಸಿಗೆ. ನಾನಾಗ ಗುಲ್ಬರ್ಗದ ಒಂದು ಬ್ಯಾಂಕಿನಲ್ಲಿ ಕ್ಯಾಷಿಯರ್. ಮಧ್ಯಾಹ್ನದ ಹೊತ್ತಿಗೆ ಒಬ್ಬ ಅಜ್ಜಿ ಕೌಂಟರಿಗೆ ಬಂದರು. ಸೆರಗಿನ ಗಂಟು ಬಿಚ್ಚಿ, ನಾಲ್ಕು ಮಡಿಕೆಯ ಒಂದು ನೋಟನ್ನು ಮುಂದಿಟ್ಟರು. "ಇದು ನಡೀತದೇನ್ರಿ ಸಾಹೇಬ್ರ?" ಅಂತ ಕೇಳಿದರು.

ಅದು ನಿಜಾಮರ ಹೈದರಾಬಾದ್ ಸರ್ಕಾರದ ಐದು ರೂಪಾಯಿ. ಆ ಸಂಸ್ಥಾನದ ಹಣಕ್ಕೆ ಉಸ್ಮಾನಿಯಾ ಸಿಕ್ಕಾ ಅಂತ ಹೆಸರು. ಹೈದರಾಬಾದ್ ಸಂಸ್ಥಾನ 1918ರಿಂದ ತನ್ನದೇ ನೋಟು ಹೊರಡಿಸುತ್ತಿತ್ತು. ಭಾರತಕ್ಕೆ ಸೇರಿದ ಮೇಲೂ ಆ ಹಣ ಕೆಲವು ಕಾಲ ಚಲಾವಣೆಯಲ್ಲಿತ್ತು. 7 ಸಿಕ್ಕಾ ರೂಪಾಯಿಗೆ 6 ಭಾರತದ ರೂಪಾಯಿ ಅನ್ನೋದು ಲೆಕ್ಕ. 1959ಕ್ಕೆ ಅದು ಪೂರ್ತಿ ನಿಂತುಹೋಯಿತು. ಇದನ್ನೆಲ್ಲ ನಾನು ತಿಳಿದುಕೊಂಡಿದ್ದು ಆಮೇಲೆ. ಅವತ್ತು "ಇಲ್ಲಮ್ಮಾ, ಇದು ನಡೆಯೋದಿಲ್ಲ, ಆದರೆ ಜೋಪಾನವಾಗಿ ಇಟ್ಟುಕೊಳ್ಳಿ" ಅಂತಷ್ಟೇ ಹೇಳಿದೆ. ಕೊಡುವ ಮುಂಚೆ ಒಮ್ಮೆ ತಿರುಗಿಸಿ ನೋಡಿದೆ. ಉರ್ದುವಿನ ಜೊತೆಗೆ ಮರಾಠಿ, ತೆಲುಗು, ಆಮೇಲೆ ನಮ್ಮ ಕನ್ನಡ! ದಿನಕ್ಕೆ ಸಾವಿರಾರು ನೋಟು ಎಣಿಸುತ್ತಿದ್ದ ನಾನು ಒಂದು ನೋಟನ್ನು ನಿಂತು ಓದಿದ್ದು ಅವತ್ತೇ ಮೊದಲು.

ಸಂಗ್ರಹ ಶುರುವಾಗಿದ್ದು ಅದಾಗಿ ಎರಡು ವರ್ಷಕ್ಕೆ. ಮೊದಲು ಕೊಂಡಿದ್ದು 1940ರ ಒಂದು ರೂಪಾಯಿ ನೋಟು. ಹೊಸಬರಿಗೆ ಈಗಲೂ ನಾನು ಅದನ್ನೇ ಹೇಳುತ್ತೇನೆ. ಸುಲಭವಾಗಿ ಸಿಗುತ್ತದೆ, ಜಾಸ್ತಿ ಬೆಲೆ ಇಲ್ಲ, ಆದರೆ ಕಲಿಯೋಕೆ ಬೇಕಾದ್ದು ಬಹಳಷ್ಟಿದೆ. ಅದರ ಮೇಲೆ ಆರನೇ ಜಾರ್ಜ್ ಇರುವ ಬೆಳ್ಳಿ ರೂಪಾಯಿಯ ಚಿತ್ರವನ್ನೇ ಅಚ್ಚು ಹಾಕಿದ್ದಾರೆ. ಯುದ್ಧದ ಕಾಲ, ಬೆಳ್ಳಿ ಉಳಿಸಬೇಕಿತ್ತು. ಹಾಗಾಗಿ ಈ ಕಾಗದವನ್ನೇ ರೂಪಾಯಿ ನಾಣ್ಯ ಅಂತ ತಿಳಿಯಿರಿ ಎಂದಿತು ಸರ್ಕಾರ. ರಿಸರ್ವ್ ಬ್ಯಾಂಕಿನ ಹೆಸರಿಲ್ಲ, ಗವರ್ನರ್ ಸಹಿಯೂ ಇಲ್ಲ. ಇರೋದು ಹಣಕಾಸು ಕಾರ್ಯದರ್ಶಿ ಸಿ.ಇ. ಜೋನ್ಸ್ ಅವರ ಸಹಿ.

ಇದೇ ಕಥೆ ಮೊದಲ ಮಹಾಯುದ್ಧದಲ್ಲೂ ನಡೆದಿತ್ತು. 1917ರಲ್ಲಿ ಭಾರತದ ಮೊದಲ ಒಂದು ರೂಪಾಯಿ ನೋಟು ಬಂತು. ಅದರಲ್ಲಿರೋದು ಐದನೇ ಜಾರ್ಜ್ ಅವರ ನಾಣ್ಯ. ಅದರ ಹಿಂದೆಯೇ 2 ರೂಪಾಯಿ 8 ಆಣೆಯ ನೋಟು ಬಂತು. ಹೌದು, ಎರಡೂವರೆ ರೂಪಾಯಿಗೇ ಒಂದು ನೋಟು! ಒಂದು ರೂಪಾಯಿ ನೋಟಿನ ಹಿಂಬದಿ ನೋಡಿ, ಎಂಟು ಭಾಷೆಯಲ್ಲಿ ಬೆಲೆ ಬರೆದಿದೆ. ಅದರಲ್ಲಿ ಕನ್ನಡ ಇದೆ, ಬರ್ಮೀಸ್ ಕೂಡ ಇದೆ. ಆಗ ಬರ್ಮಾ ಬ್ರಿಟಿಷ್ ಇಂಡಿಯಾದ ಭಾಗ, ಬೇರೆಯಾಗಿದ್ದು 1937ರಲ್ಲಿ. ನಮ್ಮ ಲಿಪಿಯೂ ರಂಗೂನಿನ ಲಿಪಿಯೂ ಒಂದೇ ಕಾಗದದ ಮೇಲೆ ಕೂತಿರೋದನ್ನು ಮೊದಲ ಸಲ ಕಂಡಾಗ ಮೈ ಜುಮ್ಮೆಂದಿತ್ತು.

ಎರಡೂವರೆ ರೂಪಾಯಿ ನೋಟನ್ನು ನಾನು ನೋಡಿದ್ದು ಬೆಂಗಳೂರಿನ ಬ್ರಂಟನ್ ರಸ್ತೆಯ ನೋಟುಗಳ ಮ್ಯೂಸಿಯಂನಲ್ಲಿ, ಗಾಜಿನ ಹಿಂದೆ. ಹರಾಜಿನಲ್ಲಿ ಅದು ಲಕ್ಷಗಳಲ್ಲಿ ಹೋಗುತ್ತದೆ.

ನನಗೆ ತುಂಬ ಕಲಿಸಿದ್ದು ಎರಡು ಹತ್ತು ರೂಪಾಯಿ ನೋಟುಗಳು. ರಿಸರ್ವ್ ಬ್ಯಾಂಕ್ 1935ರ ಏಪ್ರಿಲ್ 1ಕ್ಕೆ ಶುರುವಾದರೂ ಅದರ ಮೊದಲ ನೋಟು ಬಂದಿದ್ದು 1938ರ ಜನವರಿಯಲ್ಲಿ, ಐದು ರೂಪಾಯಿಯದು. ಮುಂದಿನ ತಿಂಗಳು ಹತ್ತರದು. ಇದಕ್ಕೆ ಆಗಿನ ಗವರ್ನರ್ ಜೇಮ್ಸ್ ಟೇಲರ್ ಅವರ ಸಹಿ. ರಾಜ ಆರನೇ ಜಾರ್ಜ್ ಮುಖ ಪಕ್ಕಕ್ಕೆ ತಿರುಗಿದೆ. ಹಿಂದೆ ತಾಳೆಮರ, ಕೆರೆ, ಆನೆಗಳು. ಇನ್ನೊಂದು ನೋಟಿಗೆ ಸಿ.ಡಿ. ದೇಶಮುಖರ ಸಹಿ. ಅವರು 1943ರಲ್ಲಿ ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್ ಆದವರು. ಅದರಲ್ಲಿ ರಾಜ ನೇರವಾಗಿ ನಮ್ಮನ್ನೇ ನೋಡುತ್ತಾನೆ. ಹಿಂದೆ ಹಾಯಿ ಹಡಗು.

ಮುಖ ತಿರುಗಿದ್ದು ಯಾಕೆ? ಎರಡನೇ ಮಹಾಯುದ್ಧದಲ್ಲಿ ಜಪಾನಿನವರು ಟೇಲರ್ ಸಹಿಯ ಹತ್ತರ ನೋಟನ್ನು ಬಹಳ ಚೆನ್ನಾಗಿ ನಕಲು ಮಾಡಿದ್ದರು. ಅದಕ್ಕೇ ಚಿತ್ರ ಬದಲಾಯಿತು, ವಾಟರ್‌ಮಾರ್ಕ್ ಬದಲಾಯಿತು. ನೋಟಿನೊಳಗೆ ಭದ್ರತಾ ದಾರ ಬಂತು, ಭಾರತದಲ್ಲಿ ಅದೇ ಮೊದಲು. ಎರಡೂ ನೋಟನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಈ ಇಡೀ ಕಥೆ ಕಣ್ಣೆದುರಿಗೆ ಬರುತ್ತದೆ. ಆದರೆ ಒಂದು ಮಾತು. ದೇಶಮುಖರ ಸಹಿ ಇದ್ದೂ ಪಕ್ಕದ ಮುಖ ಇರುವ ನೋಟುಗಳೂ ಇವೆ. ಹಾಗಾಗಿ ಸಹಿ, ಮುಖ, ಹಿಂಬದಿ, ಮೂರನ್ನೂ ನೋಡಿಯೇ ನೋಟು ಯಾವುದು ಅಂತ ತೀರ್ಮಾನಿಸಬೇಕು.

ನೂರರ ನೋಟಿನಲ್ಲಿ ನೋಡಬೇಕಾದ್ದು ಊರಿನ ಹೆಸರು. 1861ರ ಕಾಯ್ದೆಯಿಂದ ನೋಟು ಹೊರಡಿಸುವ ಹಕ್ಕು ಬ್ಯಾಂಕ್ ಆಫ್ ಬೆಂಗಾಲ್, ಬಾಂಬೆ, ಮದ್ರಾಸ್‌ಗಳಿಂದ ಸರ್ಕಾರಕ್ಕೆ ಹೋಯಿತು. ದೇಶವನ್ನು ಕರೆನ್ಸಿ ಸರ್ಕಲ್‌ಗಳಾಗಿ ಹಂಚಿದರು. ಕಲ್ಕತ್ತ, ಬಾಂಬೆ, ಮದ್ರಾಸ್, ರಂಗೂನ್, ಲಾಹೋರ್, ಕರಾಚಿ, ಕಾನ್ಪುರ, ನಮ್ಮ ಪಕ್ಕದ ಕಲ್ಲಿಕೋಟೆ ಕೂಡ. ಒಂದು ಸರ್ಕಲ್‌ನ ನೋಟಿಗೆ ಅದರ ಹೊರಗೆ ಕಾನೂನಿನ ಬಲ ಇರಲಿಲ್ಲ. ಐದರ ನೋಟಿಗೆ 1903ರಲ್ಲಿ, ಹತ್ತು ಮತ್ತು ಐವತ್ತಕ್ಕೆ 1910ರಲ್ಲಿ, ನೂರಕ್ಕೆ 1911ರಲ್ಲಿ ಈ ಕಟ್ಟು ಸಡಿಲವಾಯಿತು. ಆದರೂ ದೊಡ್ಡ ನೋಟಿನ ಮೇಲೆ ಊರ ಹೆಸರು ಮುಂದುವರಿಯಿತು. ಒಂದೇ ಸಹಿ, ಒಂದೇ ಚಿತ್ರ ಇರುವ ನೂರರ ಎರಡು ನೋಟಿಗೆ ಬೆಲೆ ಬೇರೆ ಬೇರೆ ಇದ್ದರೆ ಮೊದಲು ಊರ ಹೆಸರು ನೋಡಿ.

ಹಳೆಯ ದೊಡ್ಡ ನೋಟುಗಳಲ್ಲಿ ಅರ್ಧಕ್ಕೆ ಕತ್ತರಿಸಿ ಜೋಡಿಸಿದವು ಸಿಗುತ್ತವೆ. ಅದನ್ನು ಬರೀ ಹರಿದ ನೋಟು ಅಂದುಕೊಳ್ಳಬೇಡಿ. ಅಂಚೆಯಲ್ಲಿ ಕಳ್ಳತನ ಆಗಬಾರದು ಅಂತ ವ್ಯಾಪಾರಿಗಳು ಮೊದಲು ಒಂದು ತುಂಡು ಕಳಿಸುತ್ತಿದ್ದರು. ಅದು ತಲುಪಿತು ಅಂತ ಪತ್ರ ಬಂದ ಮೇಲೆ ಇನ್ನೊಂದು. ಎರಡು ತುಂಡಿನ ನಂಬರೂ ಹೊಂದಬೇಕು.

ಈಗ ಬೆಲೆಯ ವಿಷಯ. ನನ್ನ ಕೈ ಸುಟ್ಟಿದ್ದು ಇಲ್ಲೇ.

2003ರಲ್ಲಿ ಒಂದು ನಾಣ್ಯ ಮೇಳದಲ್ಲಿ 1917ರ ಒಂದು ರೂಪಾಯಿ ನೋಟು ಕಂಡೆ. ಮಡಿಕೆ ಇಲ್ಲ, ಬೆಳ್ಳಗೆ ಹೊಳೆಯುತ್ತಿತ್ತು. ಮಾರುವವರು "ಒಮ್ಮೆಯೂ ಚಲಾವಣೆಗೆ ಹೋಗಿಲ್ಲ" ಅಂದರು. ಒಂದು ತಿಂಗಳ ಸಂಬಳದ ಅರ್ಧದಷ್ಟು ಕೊಟ್ಟು ತಂದೆ. ಮಾರನೇ ದಿನ ಬ್ಯಾಂಕಿನಲ್ಲಿ ಖೋಟಾ ನೋಟು ಪರೀಕ್ಷಿಸುವ ನೀಲಿ ದೀಪದ ಕೆಳಗೆ ಸುಮ್ನೆ ಇಟ್ಟು ನೋಡಿದೆ. ಇಡೀ ನೋಟು ತೊಳೆದ ಅಂಗಿಯ ಹಾಗೆ ಫಳಫಳ ಹೊಳೆಯಿತು. ಆ ಕಾಲದ ಕಾಗದ ಹಾಗೆ ಹೊಳೆಯೋದಿಲ್ಲ. ಹೊಳಪು ಬಂದಿದ್ದು ಬಟ್ಟೆ ಸೋಪಿನ ಪುಡಿಯಿಂದ. ನೋಟನ್ನು ತೊಳೆದು, ಇಸ್ತ್ರಿ ಹಾಕಿ, ಮಡಿಕೆ ಮಾಯ ಮಾಡಿದ್ದರು. ಆಮೇಲೆ ಓರೆ ಬೆಳಕಿನಲ್ಲಿ ನೋಡಿದಾಗ ಮಡಿಕೆಯ ಗೆರೆಗಳು ಒಂದೊಂದಾಗಿ ಕಂಡವು. ಎರಡು ದಿನ ಊಟ ಸೇರಲಿಲ್ಲ.

ಅವತ್ತಿನಿಂದ ಮೇಳಕ್ಕೆ ಹೋದರೆ ಜೇಬಿನಲ್ಲಿ ಚಿಕ್ಕ ಯುವಿ ಟಾರ್ಚು, ಒಂದು ಭೂತಗನ್ನಡಿ ಇದ್ದೇ ಇರುತ್ತವೆ. ನೋಟನ್ನು ಕವರಿನಿಂದ ಹೊರಗೆ ತೆಗೆಸಿ ನೋಡುತ್ತೇನೆ. ತೆಗೆಯಲ್ಲ ಅಂದರೆ ಕೊಳ್ಳಲ್ಲ. ಮೂಲೆ ಚೂಪಾಗಿದೆಯಾ, ಹಿಂದೆ ಪೇಪರ್ ಅಂಟಿಸಿದ್ದಾರಾ, ಕಾಗದಕ್ಕೆ ಜೀವ ಇದೆಯಾ ಅಂತ ನೋಡುತ್ತೇನೆ. ಇಷ್ಟು ವರ್ಷ ನೋಟು ಎಣಿಸಿದ ಬೆರಳಿಗೆ ತೊಳೆದ ಕಾಗದದ ಸತ್ತ ಮೆತ್ತನೆ ಈಗ ತಕ್ಷಣ ತಿಳಿಯುತ್ತದೆ.

ಸೂಜಿ ತೂತಿನ ಬಗ್ಗೆ ಮಾತ್ರ ಹೆದರಬೇಡಿ. ಆಗ ಬ್ಯಾಂಕುಗಳಲ್ಲಿ ನೋಟಿನ ಕಟ್ಟನ್ನು ಪಿನ್ ಹಾಕಿ ಸೇರಿಸುತ್ತಿದ್ದರು. ಹಾಗಾಗಿ ಎಡಬದಿಯಲ್ಲಿ ಒಂದೆರಡು ತೂತು ಇರೋದೇ ಮಾಮೂಲು. ನಾನೂ ವರ್ಷಗಟ್ಟಲೆ ಹೊಸ ನೋಟಿನ ಕಟ್ಟಿಗೆ ಸ್ಟೇಪಲ್ ಹೊಡೆದವನು. ವಾಟರ್‌ಮಾರ್ಕಿನ ಖಾಲಿ ಜಾಗದಲ್ಲಿ ಪೆನ್ನಿನಿಂದ ಲೆಕ್ಕವನ್ನೂ ಬರೆದವನು. 2001ರಲ್ಲಿ ರಿಸರ್ವ್ ಬ್ಯಾಂಕ್ ಕಟ್ಟುನಿಟ್ಟಾಗಿ ಹೇಳಿದ ಮೇಲೆ ಸ್ಟೇಪಲ್ ನಿಂತಿತು. ಹಳೆಯ ನೋಟಿನ ಮೇಲೆ ಯಾರೋ ಕ್ಯಾಷಿಯರ್ ಬರೆದ ಅಂಕಿ ಕಂಡರೆ ಈಗ ಸಂಕಟವಾಗುತ್ತದೆ.

ಇನ್ನೊಂದು ಮೋಸ, 'ಗವರ್ನಮೆಂಟ್ ಆಫ್ ಪಾಕಿಸ್ತಾನ್' ಅಂತ ಇರುವ ಆರನೇ ಜಾರ್ಜ್ ನೋಟುಗಳದ್ದು. 1948ರಲ್ಲಿ ನಿಜವಾಗಿಯೂ ಅಂಥ ನೋಟು ಬಂದಿದ್ದವು. ಬೆಲೆ ಜಾಸ್ತಿ. ಹಾಗಾಗಿ ಮಾಮೂಲಿ ನೋಟಿನ ಮೇಲೆ ಇವತ್ತು ಆ ಅಕ್ಷರ ಒತ್ತಿ ಮಾರುವವರಿದ್ದಾರೆ. ಅಕ್ಷರದ ಶಾಯಿ ಕೊಳೆಯ ಮೇಲೆ ಕೂತಿದೆಯಾ, ಮಡಿಕೆಯ ಬಿರುಕಿನೊಳಗೆ ಇಳಿದಿದೆಯಾ ಅಂತ ಭೂತಗನ್ನಡಿಯಲ್ಲಿ ನೋಡಿ. ಕೂತಿದ್ದರೆ, ಇಳಿದಿದ್ದರೆ ಅದು ಹೊಸದು.

"ನಿಮ್ಮ ಹಳೇ ನೋಟಿಗೆ ಲಕ್ಷ ಕೊಡುತ್ತೇವೆ, ಮೊದಲು ತೆರಿಗೆ ಕಟ್ಟಿ" ಅಂತ ಫೋನ್ ಬಂದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಇಂಥದ್ದಕ್ಕೂ ನಮಗೂ ಸಂಬಂಧವಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರಲ್ಲೇ ಹೇಳಿದೆ.

ಮನೆಯಲ್ಲಿ ನೋಟುಗಳನ್ನು ಪಿವಿಸಿ ಇಲ್ಲದ ಕವರಿನಲ್ಲಿ, ಕಪಾಟಿನ ಒಣ ಜಾಗದಲ್ಲಿ ಇಟ್ಟಿದ್ದೇನೆ. ಲ್ಯಾಮಿನೇಷನ್, ಸೆಲ್ಲೋಟೇಪ್ ಎರಡನ್ನೂ ಹತ್ತಿರ ಸೇರಿಸಬೇಡಿ.

ಉಸ್ಮಾನಿಯಾ ಸಿಕ್ಕಾದ ಐದು ರೂಪಾಯಿ ಕೊನೆಗೂ 2011ರಲ್ಲಿ ನನಗೆ ಸಿಕ್ಕಿತು. ಅಜ್ಜಿಯ ನೋಟಿನ ಹಾಗೆಯೇ ನಾಲ್ಕು ಮಡಿಕೆ. ಇತ್ತೀಚೆಗೆ ಒಂದು ಮೇಳದಲ್ಲಿ ಅದೇ ಹೈದರಾಬಾದಿನ ಇನ್ನೊಂದು ನೋಟು ನೋಡಿದೆ, ಸಹಿಯೇ ಇಲ್ಲದ್ದು. ಎಸ್‌.ಎಸ್. ಈಜಿಪ್ಟ್ ಅನ್ನುವ ಹಡಗು 1922ರ ಮೇ ತಿಂಗಳಲ್ಲಿ ಇಂಗ್ಲೆಂಡಿನಿಂದ ಮುಂಬೈಗೆ ಬರುವಾಗ ಫ್ರಾನ್ಸಿನ ಹತ್ತಿರ ಮಂಜಿನಲ್ಲಿ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿತ್ತು. ಅದರಲ್ಲಿ ಚಿನ್ನ ಬೆಳ್ಳಿಯ ಜೊತೆಗೆ ನಿಜಾಮರಿಗೆ ಹೊರಟಿದ್ದ ಹೊಸ ನೋಟುಗಳೂ ಇದ್ದವು. ಸಹಿ ಹಾಕುವ ಕೆಲಸ ಇನ್ನೂ ಬಾಕಿ ಇತ್ತು. ಹತ್ತು ವರ್ಷದ ಮೇಲೆ ಇಟಲಿಯ ಮುಳುಗುಗಾರರು ಮೇಲೆತ್ತಿದರು. ಸಮುದ್ರದ ತಳದಲ್ಲಿ ಅಷ್ಟು ವರ್ಷ ಬಿದ್ದಿದ್ದ ಕಾಗದದಲ್ಲಿ ಅಕ್ಷರಗಳು ಇನ್ನೂ ಓದುವಂತೆಯೇ ಇದ್ದವು. ಬೆಲೆ ಕೇಳಿದೆ, ನನ್ನ ಪಿಂಚಣಿಗೆ ಸದ್ಯಕ್ಕೆ ಆಗೋದಿಲ್ಲ. ಆಲ್ಬಮಿನಲ್ಲಿ ಐದು ರೂಪಾಯಿಯ ಪಕ್ಕದ ಕವರನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ.