ಟಿಎನ್‌ಟಿ ಬೆರೆತ ಮಣ್ಣನ್ನು ಗೊಬ್ಬರದ ರಾಶಿಯಲ್ಲಿ ಮಾಗಿಸಿದ ನನ್ನ ಅನುಭವ

ಅಮೆರಿಕದ ಹಳೆಯ ಮದ್ದುಗುಂಡು ಕಾರ್ಖಾನೆಯೊಂದರಲ್ಲಿ ಮಣ್ಣು ಶುದ್ಧೀಕರಿಸುವ ಹೊಣೆ ನನ್ನ ಮೇಲೆ ಬಿದ್ದಾಗ ನಾನು ಮಾದರಿಯಾಗಿ ಇಟ್ಟುಕೊಂಡದ್ದು ಆರೆಗಾನ್ ರಾಜ್ಯದ ಯುಮಟಿಲ್ಲಾ ಸೇನಾ ಡಿಪೋವನ್ನು. ಅಲ್ಲಿ 1965ರವರೆಗೆ ಬಾಂಬುಗಳೊಳಗಿನ ಸ್ಫೋಟಕವನ್ನು ತೊಳೆದ ನೀರನ್ನು ತಳಕ್ಕೆ ಯಾವ ಹೊದಿಕೆಯೂ ಇಲ್ಲದ ಎರಡು ಹೊಂಡಗಳಿಗೆ ಬಿಡಲಾಗಿತ್ತು; ಸ್ಫೋಟಕ ಮಣ್ಣಿಗಿಳಿದಿತ್ತು. 1990ರ ದಶಕದಲ್ಲಿ ಆ ಮಣ್ಣನ್ನು ಕುಲುಮೆಯಲ್ಲಿ ಸುಡದೆ, ಸಗಣಿ ಗೊಬ್ಬರದೊಂದಿಗೆ ರಾಶಿ ಹಾಕಿ ಶುದ್ಧಗೊಳಿಸಿದರು.

ಸ್ಫೋಟಕದ ಪಾಲು ತೂಕದಲ್ಲಿ ಶೇ 10ನ್ನು ಮುಟ್ಟಿದರೆ ಮಣ್ಣನ್ನೇ ಸ್ಫೋಟಕವೆಂದು ಎಣಿಸಬೇಕಾಗುತ್ತದೆ. ಆದ್ದರಿಂದ ಪರೀಕ್ಷಾ ವರದಿ ಕೈಸೇರುವವರೆಗೆ ಯಂತ್ರವನ್ನು ಒಳಗೆ ಬಿಡಲಿಲ್ಲ. ಆಮೇಲೆ ರಾಶಿಯ ಮೂರರಲ್ಲಿ ಒಂದು ಪಾಲು ಮಣ್ಣಿರುವಂತೆ, ಅದಕ್ಕೆ ಸಗಣಿ, ಕುದುರೆಮಸಾಲೆ ಸೊಪ್ಪು, ಮರದ ಹೊಟ್ಟು, ಆಲೂಗಡ್ಡೆ ಕಾರ್ಖಾನೆಯ ಸಿಪ್ಪೆ ಬೆರೆಸಿ ಉದ್ದನೆಯ ರಾಶಿ ಮಾಡಿದೆವು. ಕೆಲವೇ ದಿನಗಳಲ್ಲಿ ಒಳಗಿನ ಶಾಖ 55 ಡಿಗ್ರಿ ಸೆಲ್ಸಿಯಸ್ ದಾಟಿತು.

ಇಲ್ಲಿ ಸೂಕ್ಷ್ಮಜೀವಿಗಳು ಟಿಎನ್‌ಟಿ ಎಂಬ ಸ್ಫೋಟಕವನ್ನು ಆಹಾರವಾಗಿ ತಿನ್ನುತ್ತವೆ ಎಂಬ ಕಲ್ಪನೆ ಬಹುಮಟ್ಟಿಗೆ ತಪ್ಪು. ಅವು ಬದುಕುವುದು ಸಗಣಿ ಸೊಪ್ಪುಗಳ ಮೇಲೆ. ಆ ಆಹಾರದಿಂದ ಬಿಡುಗಡೆಯಾದ ಎಲೆಕ್ಟ್ರಾನುಗಳನ್ನು ಟಿಎನ್‌ಟಿಯ ಮೂರು ನೈಟ್ರೋ ಗುಂಪುಗಳಿಗೆ (ಸಾರಜನಕಕ್ಕೆ ಆಮ್ಲಜನಕ ಅಂಟಿದ ಭಾಗಗಳು) ಒಂದೊಂದಾಗಿ ದಾಟಿಸಿ ಅವನ್ನು ಅಮೈನೋ ಗುಂಪುಗಳನ್ನಾಗಿ (ಸಾರಜನಕಕ್ಕೆ ಜಲಜನಕ ಅಂಟಿದವು) ಬದಲಿಸುತ್ತವೆ, ಹಾಗೆ ಬದಲಾದ ಅಣುಗಳು ಮಾಗಿದ ಗೊಬ್ಬರದ ಹ್ಯೂಮಸ್‌ಗೆ, ಅಂದರೆ ಕೊಳೆತು ಉಳಿದ ಕಪ್ಪು ಸಾವಯವ ಅಂಶಕ್ಕೆ, ಗಟ್ಟಿಯಾಗಿ ಬೆಸೆದುಕೊಳ್ಳುತ್ತವೆ.

ನಾನು ಎಡವಿದ್ದು ರಾಶಿ ಮಗುಚುವುದರಲ್ಲಿ. ಗಾಳಿ ಹೆಚ್ಚಾದಷ್ಟೂ ಒಳ್ಳೆಯದೆಂದು ಮೊದಲ ರಾಶಿಯನ್ನು ದಿನಕ್ಕೆ ಹಲವು ಬಾರಿ ಮಗುಚಿಸಿದೆ; ಟಿಎನ್‌ಟಿ ಇಳಿಯಿತು, ಆದರೆ ಅದೇ ಮಣ್ಣಿನಲ್ಲಿದ್ದ ಇನ್ನೊಂದು ಸ್ಫೋಟಕ ಆರ್‌ಡಿಎಕ್ಸ್ ಕದಲಲಿಲ್ಲ. ಆರ್‌ಡಿಎಕ್ಸ್‌ನ ಉಂಗುರದಾಕಾರದ ಅಣು ಚೆನ್ನಾಗಿ ಒಡೆಯುವುದು ಆಮ್ಲಜನಕ ಕಡಿಮೆಯಿರುವಲ್ಲಿ. ದಿನಕ್ಕೆ ಒಮ್ಮೆ ಮಾತ್ರ ಮಗುಚಿ, ಒಣಗುತ್ತಿದ್ದ ರಾಶಿಗೆ ನೀರುಣಿಸಿದ ಮೇಲೆಯೇ ಅದೂ ಇಳಿಯತೊಡಗಿತು.

ಯುಮಟಿಲ್ಲಾದಲ್ಲಿ ಟಿಎನ್‌ಟಿಯನ್ನು ಕಿಲೋಗ್ರಾಂ ಮಣ್ಣಿಗೆ 30 ಮಿಲಿಗ್ರಾಂಗೆ ಇಳಿಸುವ ಗುರಿಯಿತ್ತು. ನಮ್ಮ ರಾಶಿಯಲ್ಲಿ ಟಿಎನ್‌ಟಿ ಆ ಮಟ್ಟಕ್ಕಿಂತ ಕೆಳಗಿಳಿದಾಗ ಕೆಲಸ ಮುಗಿಯಿತೆಂದು ಜೊತೆಗಿದ್ದವರು ಹೇಳಿದರು. ನಾನು ಒಪ್ಪಲಿಲ್ಲ, ಏಕೆಂದರೆ ವಿಷಕಾರಿಯೇ ಆದ ಅಮೈನೋ ಸಂಯುಕ್ತಗಳು ಅದೇ ಮಾದರಿಯಲ್ಲಿ ಇನ್ನೂ ಹೇರಳವಾಗಿದ್ದವು. ಅವೂ ಇಳಿಯುವವರೆಗೆ ಕಾದು, ಆ ಮಣ್ಣಿನಲ್ಲಿ ಎರೆಹುಳುಗಳನ್ನು 14 ದಿನ ಬಿಟ್ಟು, ಅವು ಬದುಕಿರುವುದನ್ನು ಕಣ್ಣಾರೆ ಕಂಡ ಮೇಲೆಯೇ ವರದಿಗೆ ಸಹಿ ಹಾಕಿದೆ.