ಎಕ್ಸ್‌ರೇಗೆ ಮೊದಲು ಮೂಗಿಗೆ ಫೆಂಟನಿಲ್

ಮುಧೋಳ, ಜಮಖಂಡಿ ಕಡೆ ಕಬ್ಬಿನ ಹಂಗಾಮು ಶುರುವಾಯಿತೆಂದರೆ ಬಾಗಲಕೋಟೆಯ ಎಮರ್ಜೆನ್ಸಿಗೆ ಟ್ರೇಲರ್‌ ಮೇಲಿಂದ ಬಿದ್ದು ಮೊಣಕೈ ಮುರಿದುಕೊಂಡ ಮಕ್ಕಳು ಬರುತ್ತಾರೆ. ಕೈ ಸೊಟ್ಟಗಾಗಿದ್ದರೆ ನಾನು ಮೂಳೆ ಡಾಕ್ಟರಿಗಾಗಿ ಕಾಯುವುದಿಲ್ಲ. ಕೈ ಅಲುಗದಂತೆ ಸ್ಪ್ಲಿಂಟ್ ಕಟ್ಟಿ, ಅಫೀಮು ಜಾತಿಯ ಬಲವಾದ ನೋವುನಿವಾರಕ ಫೆಂಟನಿಲ್ ಅನ್ನು ಮೂಗಿಗೆ ಕೊಟ್ಟೇ ಎಕ್ಸ್‌ರೇಗೆ ಕಳಿಸುತ್ತೇನೆ.

ಮೊದಲು ತೂಕ. ಅಪ್ಪ ಹೇಳಿದ ಅಂದಾಜು ಬೇಡ, ತಕ್ಕಡಿ ಮೇಲೆ ನಿಲ್ಲಿಸಿ. ನಿಲ್ಲಲಾಗದಿದ್ದರೆ ತಾಯಿ ಎತ್ತಿಕೊಂಡು ನಿಲ್ಲಲಿ, ಆಮೇಲೆ ಆಕೆಯ ತೂಕ ಕಳೆಯಿರಿ. ಡೋಸ್ ಕೆಜಿಗೆ 1.5 ಮೈಕ್ರೋಗ್ರಾಂ. 14 ಕೆಜಿಯ ಕೂಸಿಗೆ 21 ಮೈಕ್ರೋಗ್ರಾಂ, ಅಂದರೆ 50 ಮೈಕ್ರೋಗ್ರಾಂ/ಮಿಲಿ ಆಂಪ್ಯೂಲ್‌ನಿಂದ 0.42 ಮಿಲಿ. ಸ್ಪ್ರೇ ತುದಿಯಲ್ಲೇ 0.1 ಮಿಲಿ ಉಳಿಯುತ್ತದೆ, ಅದನ್ನು ಸೇರಿಸಿ 1 ಮಿಲಿ ಸಿರಿಂಜ್‌ಗೆ ಎಳೆಯಿರಿ. ಸಿಂಬಳ, ರಕ್ತ ಒರೆಸಿ ಎರಡೂ ಹೊಳ್ಳೆಗೆ ಅರ್ಧರ್ಧ, ರಭಸವಾಗಿ ಒತ್ತಬೇಕು. ಮೆಲ್ಲಗೆ ಒತ್ತಿದರೆ ಔಷಧ ಗಂಟಲಿಗಿಳಿದು ವ್ಯರ್ಥ. 10 ನಿಮಿಷಕ್ಕೂ ಅಳು ಇಳಿಯದಿದ್ದರೆ ಅರ್ಧ ಡೋಸ್ ಮತ್ತೆ.

ರಕ್ತನಾಳಕ್ಕೆ ಸೂಜಿ (ಐವಿ) ಸಿಕ್ಕಿದ್ದರೆ ಅದೇ ಜಾತಿಯ ಮಾರ್ಫಿನ್, ಕೆಜಿಗೆ 0.05ರಿಂದ 0.1 ಮಿಗ್ರಾಂ, ಸ್ವಲ್ಪ ಸ್ವಲ್ಪವಾಗಿ. ಆಂಪ್ಯೂಲ್ 10 ಮಿಗ್ರಾಂದೂ ಇದೆ, 15 ಮಿಗ್ರಾಂದೂ ಇದೆ. ಲೇಬಲ್ ಓದದೆ ಎರಡನ್ನೂ ಸಲೈನ್‌ನಲ್ಲಿ 10 ಮಿಲಿ ಮಾಡಿದರೆ 15ರದ್ದರಿಂದ ಒಂದೂವರೆ ಪಟ್ಟು ಹೋಗುತ್ತದೆ. ಆದ್ದರಿಂದ ಲೆಕ್ಕವನ್ನು ಸಿಸ್ಟರ್ ಜೋರಾಗಿ ಓದಬೇಕು, ನಾನು ಮತ್ತೆ ಓದಬೇಕು.

ಅಪಾಯ ಕಾಣುವುದು ಮೂಳೆ ಕೂಡಿಸಿದ ಮೇಲೆ. ನೋವು ಕೂಸನ್ನು ಎಚ್ಚರವಾಗಿಟ್ಟಿರುತ್ತದೆ. ಅದು ನಿಂತ ಕೂಡಲೇ ಈ ಔಷಧಗಳಿಂದ ಉಸಿರು ನಿಧಾನವಾಗುತ್ತದೆ. ಆಕ್ಸಿಜನ್ ಹಾಕಿದ್ದರೆ ಸ್ಯಾಚುರೇಶನ್ 98 ತೋರಿಸುತ್ತಲೇ ಇರುತ್ತದೆ, ಆ ಅಂಕಿಯನ್ನು ನಂಬಬೇಡಿ. ಎದೆ ನೋಡಿ ನಿಮಿಷಕ್ಕೆ ಉಸಿರೆಷ್ಟು ಎಂದು ಎಣಿಸಿ. ಕೈಯಿಂದ ಒತ್ತಿ ಉಸಿರು ಕೊಡುವ ಬ್ಯಾಗ್-ಮಾಸ್ಕ್ ತಲೆದಿಂಬಿನ ಹತ್ತಿರ, ಈ ಔಷಧಗಳ ಪರಿಣಾಮ ತಡೆಯುವ ನಲೋಕ್ಸೋನ್ ಟ್ರೇನಲ್ಲಿ. ನಲೋಕ್ಸೋನ್ ಪರಿಣಾಮ ಮಾರ್ಫಿನ್‌ಗಿಂತ ಬೇಗ ಇಳಿಯುತ್ತದೆ, ಹಾಗಾಗಿ ಕೂಸು ಎಚ್ಚೆತ್ತಿತೆಂದು ಕಣ್ಣು ತಪ್ಪಿಸಬಾರದು.

ಇದೇ ಜಾತಿಯ ಟ್ರಮಡಾಲ್, ಕೋಡೀನ್ 12 ವರ್ಷದೊಳಗೆ ಬರೆಯುವುದಿಲ್ಲ. ಕೆಲ ಮಕ್ಕಳ ಲಿವರ್ ಇವನ್ನು ತೀರ ಬೇಗ ಬಲವಾದ ರೂಪಕ್ಕೆ ತಿರುಗಿಸುತ್ತದೆ. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ವಯಸ್ಸಿಗೆ ನೋವಿಗಾಗಿ ಎರಡೂ ಬೇಡ ಎಂದಿತು. ಚೇಳು ಕಡಿದ ಕೂಸಿಗೂ ಮಾರ್ಫಿನ್ ಹಾಕುವುದಿಲ್ಲ: ಬೆರಳಾದರೆ ಮರಗಟ್ಟಿಸುವ ಲಿಗ್ನೋಕೇನ್ ಚುಚ್ಚುಮದ್ದು (ಬ್ಲಾಕ್), ಬೆವರು, ಕೈಕಾಲು ತಣ್ಣಗಾಗುವುದು ಶುರುವಾದರೆ ರಕ್ತನಾಳ ಸಡಿಲಿಸುವ ಪ್ರಾಜೋಸಿನ್.

“ಚಟ ಹತ್ತೂದಿಲ್ಲಲ್ರಿ, ಸರ್?” ಎಂದು ಅಜ್ಜಿಯರು ಕೇಳುತ್ತಾರೆ. ಒಂದೆರಡು ಡೋಸ್‌ಗೆ ಹತ್ತುವುದಿಲ್ಲ, ಹಾಗೇ ಹೇಳುತ್ತೇನೆ. ಮನೆಗೆ ಬರೆಯುವ ಚೀಟಿಯಲ್ಲಿ ಮಾತ್ರ ಕೆಜಿಗೆ 10 ಮಿಗ್ರಾಂ ಐಬುಪ್ರೊಫೇನ್, 15 ಮಿಗ್ರಾಂ ಪ್ಯಾರಸಿಟಮಾಲ್, ಅಷ್ಟೇ.