ಗಾಜು ಬೆಸೆದು ಅಲಂಕಾರದ ಬಟ್ಟಲು ಮಾಡುವುದು ಹೇಗೆ?

ಬಣ್ಣದ ಗಾಜಿನ ತುಂಡುಗಳನ್ನು ಜೋಡಿಸಿ, ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಒಂದಾಗಿಸುವ ಕಲೆಗೆ ಗ್ಲಾಸ್ ಫ್ಯೂಸಿಂಗ್ ಎನ್ನುತ್ತಾರೆ. ಇದರಲ್ಲಿ ಗಾಜು ಊದುವ ಕೆಲಸ ಇಲ್ಲ. ಆದರೆ ತಾಳ್ಮೆ ಜಾಸ್ತಿ ಬೇಕು.

ಮೊದಲು ಗಾಜು ಆರಿಸಿಕೊಳ್ಳಿ. ಎಲ್ಲ ಗಾಜೂ ಬಿಸಿಗೆ ಒಂದೇ ಸಮ ಹಿಗ್ಗುವುದಿಲ್ಲ. ಎಷ್ಟು ಹಿಗ್ಗುತ್ತದೆ ಎನ್ನುವುದಕ್ಕೆ ಸಿಒಇ ಎಂಬ ಅಳತೆ ಇದೆ. ಅಮೆರಿಕದ ಬುಲ್ಸ್‌ಐ ಕಂಪನಿಯ ಗಾಜು 90, ಬೇರೆ ಕೆಲವು 96, ಕಿಟಕಿ ಗಾಜು ಸುಮಾರು 84. ಇವನ್ನು ಬೆರೆಸಲೇಬೇಡಿ. ಕುಲುಮೆಯಿಂದ ಚೆನ್ನಾಗಿಯೇ ಹೊರಬಂದ ಬಟ್ಟಲು ವಾರ ಕಳೆದ ಮೇಲೆ ಕಪಾಟಿನಲ್ಲಿ ಇಟ್ಟಲ್ಲೇ ಸೀಳಬಹುದು. ಒಂದೇ ಕಂಪನಿಯ, ಒಂದೇ ಸರಣಿಯ ಗಾಜು ಕೊಂಡರೆ ಈ ಚಿಂತೆ ಇಲ್ಲ.

3 ಮಿ.ಮೀ. ದಪ್ಪದ ಗಾಜು ಎರಡು ಪದರ ಬೇಕು. ಕರಗಿದ ಗಾಜು ತಾನಾಗಿ 6 ಮಿ.ಮೀ. ದಪ್ಪಕ್ಕೆ ಬಂದು ನಿಲ್ಲುತ್ತದೆ. ಒಂದೇ ಪದರ ಇಟ್ಟರೆ ಒಳಕ್ಕೆ ಎಳೆದುಕೊಂಡು ಅಂಚು ವಕ್ರವಾಗುತ್ತದೆ.

ಕತ್ತರಿಸುವಾಗ ಕನ್ನಡಕ ಹಾಕಿಕೊಳ್ಳಿ. ಕಟರ್ ಚಕ್ರಕ್ಕೆ ತುಸು ಎಣ್ಣೆ ಸವರಿ, ಅಂಚಿನಿಂದ ಅಂಚಿಗೆ ಒಂದೇ ಗೀರು ಎಳೆಯಿರಿ. ಸರ್ರನೆ ಸಣ್ಣ ಸದ್ದು ಬಂದರೆ ಒತ್ತಡ ಸರಿಯಾಗಿದೆ. ಬಿಳಿ ಪುಡಿ ಉದುರಿದರೆ ಒತ್ತಿದ್ದು ಜಾಸ್ತಿಯಾಯಿತು. ಗೀರಿನ ಮೇಲೆ ಮತ್ತೆ ಗೀರಬೇಡಿ, ಚಕ್ರ ಹಾಳಾಗುತ್ತದೆ. ಗೀರಿನ ಎರಡೂ ಪಕ್ಕ ಹಿಡಿದು ಬಾಗಿಸಿದರೆ ಗಾಜು ಟಕ್ಕನೆ ಬೇರೆಯಾಗುತ್ತದೆ. ತುಂಡುಗಳನ್ನು ತೊಳೆದು ಒರೆಸಿ. ಬೆರಳಿನ ಗುರುತು ಉಳಿದರೆ ಕಲೆ ಆಗುತ್ತದೆ.

ಕುಲುಮೆಯ ಹಲಗೆಗೆ ಗಾಜು ಅಂಟದಂತೆ ಕಿಲ್ನ್ ವಾಶ್ ಎಂಬ ಪುಡಿಯನ್ನು ನೀರಿನಲ್ಲಿ ಕಲಸಿ ಬಳಿದು ಒಣಗಿಸಿ. ಆ ಪುಡಿ ಕಲಸುವಾಗ ಮಾಸ್ಕ್ ಬೇಕೇ ಬೇಕು. ಇನ್ನು ಬಿಸಿಯ ಲೆಕ್ಕ, 90ರ ಗಾಜಿಗೆ. ನಿಧಾನಕ್ಕೆ, ಗಂಟೆಗೆ ಸುಮಾರು 200 ಡಿಗ್ರಿಯಂತೆ ಏರಿಸಿ. 650 ಡಿಗ್ರಿ ಸೆಲ್ಸಿಯಸ್ ಹತ್ತಿರ ಅರ್ಧ ಗಂಟೆ ನಿಲ್ಲಿಸಿ, ಪದರಗಳ ನಡುವಿನ ಗಾಳಿ ಹೊರಹೋಗಲಿ. ಆಮೇಲೆ 800ರ ಆಸುಪಾಸಿಗೆ ಒಯ್ದು ಹತ್ತು ನಿಮಿಷ ಬಿಡಿ. ಪ್ರತಿ ಕುಲುಮೆಗೂ ತನ್ನದೇ ಹದ ಇರುವುದರಿಂದ ಮೊದಲು ಸಣ್ಣ ತುಂಡಿನಲ್ಲಿ ನೋಡಿ.

ತಣಿಸುವ ಹಂತದಲ್ಲಿ ಆತುರಪಟ್ಟರೆ ಅಷ್ಟೂ ಶ್ರಮ ವ್ಯರ್ಥ. ಬಿಸಿ 482ಕ್ಕೆ ಇಳಿದಾಗ ಅಲ್ಲೇ ಒಂದು ಗಂಟೆ ಹಿಡಿದಿಡಿ. ಒಳಗಿನ ಬಿಗಿತ ಸಡಿಲವಾಗುವುದು ಆಗಲೇ. ಮುಂದೆಯೂ ನಿಧಾನಕ್ಕೇ ಇಳಿಸಿ.

ಈಗ ಸಿಕ್ಕಿದ್ದು ಚಪ್ಪಟೆ ಬಿಲ್ಲೆ. ತಳದಲ್ಲಿ ಗಾಳಿ ಹೋಗಲು ತೂತಿರುವ ಮಣ್ಣಿನ ಅಚ್ಚಿಗೂ ಕಿಲ್ನ್ ವಾಶ್ ಬಳಿದು, ಬಿಲ್ಲೆಯನ್ನು ಅದರ ಮೇಲಿಡಿ. ಮತ್ತೆ ನಿಧಾನಕ್ಕೆ ಕಾಯಿಸಿದರೆ 650-670 ಡಿಗ್ರಿಗೆ ಗಾಜು ಮೆತ್ತಗಾಗಿ ಅಚ್ಚಿನೊಳಗೆ ಇಳಿಯುತ್ತದೆ. ತಣಿಸುವ ಕ್ರಮ ಮೊದಲಿನದೇ. ಕುಲುಮೆ ಪೂರ್ತಿ ತಣ್ಣಗಾದ ಮೇಲೆ ಮಾತ್ರ ಬಾಗಿಲು ತೆಗೆಯಿರಿ. ಅಂಚು ಕೈಗೆ ಚೂಪೆನಿಸಿದರೆ ನೀರು ಹಾಕಿಕೊಂಡು ಡೈಮಂಡ್ ಪ್ಯಾಡಿನಿಂದ ಉಜ್ಜಿ.